ಹಿನ್ನೀರು ಇಳಿದಾಗ ಕಾಣುವ ಕರಿಬಂಡೆ

ಬೆಳಕು ಹರಿಯುವ ಹೊತ್ತಿಗೆ ಚಿಕ್ಕಮಾದು ಕಬಿನಿ ಹಿನ್ನೀರಿನ ಕೆಸರು ದಾಟಿ ಬಂಡೆ ಏರಿದ್ದಾರೆ. ಕೈಯಲ್ಲಿ ಕಲ್ಲು ಕೊರೆಯುವ ಮೆಷೀನು. ಕೊರೆಯುವ ಕೊಳವೆ ಕಾಯದಂತೆ ನೀರು ಬಿಡಲು, ಹೊಗೆಸೊಪ್ಪಿಗೆ ಔಷಧಿ ಹೊಡೆಯುವ ಪಂಪು. ಅದನ್ನು ಒತ್ತುತ್ತಿರುವವರು ಹುಣಸೂರಿನ ಶಿಲಾ ಸಂಶೋಧಕಿ ಹರ್ಷಿತಾ.

“ಜೋರಾಗಿ ಒತ್ತಿ ಮೇಡಂ. ಬೆಳಿಗ್ಗೆ ಮುದ್ದೆ ಉಣ್ಣಲಿಲ್ವಾ?”

“ರಾತ್ರಿ ನಿಮ್ಮನೇಲಿ ತಿಂದಿದ್ದೇ ಇನ್ನೂ ಇಳಿದಿಲ್ಲ ಮಾದಣ್ಣ.”

ಇದೇ ಬಂಡೆಯ ಮೇಲೆ ಮಾದು ಅವರ ಅವ್ವ ಚಿಕ್ಕಸಿದ್ದಮ್ಮ ರಾಗಿ ಒಣಹಾಕುತ್ತಿದ್ದರು. ಅಣೆಕಟ್ಟೆ ತುಂಬಿದಾಗ ಊರು ಮುಳುಗಿತು. ಆಗಿನ್ನೂ ಹುಡುಗ ಮಾದು. ಗಾಡಿಯ ಹಿಂದೆ ಅಳುತ್ತ ನಡೆದದ್ದು ನೆನಪಿದೆ. ನೀರು ತೀರಾ ತಳ ಕಂಡ ಬೇಸಿಗೆಯಲ್ಲಷ್ಟೇ ಬಂಡೆ ಹೊರಗೆ ಕಾಣುತ್ತದೆ.

ಹತ್ತಿರದ ಹ್ಯಾಂಡ್‌ಪೋಸ್ಟ್ ಊರಿನಿಂದ ಬೋರ್‌ವೆಲ್ ಲಾರಿ ಹತ್ತಿ ವರ್ಷಗಟ್ಟಲೆ ದುಡಿದ ಮಾದು ಈಗ ನೀರಿಗಾಗಿ ಕೊರೆಯುವುದಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಕುದಿಯುವ ಕಲ್ಲು ಆರಿ ಗಟ್ಟಿಯಾಗುವಾಗ, ಅದರೊಳಗಿನ ಕಬ್ಬಿಣದ ಕಣಗಳು ಅಂದಿನ ಭೂಮಿಯ ಕಾಂತ ಎಳೆದತ್ತ ತಿರುಗಿ ಹಾಗೇ ನಿಂತುಬಿಟ್ಟಿವೆ. ಅವು ಎತ್ತ ತಿರುಗಿವೆ, ಎಷ್ಟು ಬಾಗಿವೆ ಎಂದು ಅಳೆದರೆ ಈ ನೆಲ ಆಗ ಭೂಗೋಳದ ಯಾವ ಭಾಗದಲ್ಲಿತ್ತು, ಹೇಗೆ ಸರಿಯುತ್ತ ಬಂತು ಎಂಬುದರ ಸುಳಿವು ಸಿಗುತ್ತದೆ. ಅದಕ್ಕಾಗಿ ಬೆರಳುದ್ದದ ಕಲ್ಲಿನ ತುಂಡು ತೆಗೆಯುವುದು ಮಾದು ಅವರ ಕೆಲಸ. ಪಿರಿಯಾಪಟ್ಟಣ, ಬೆಟ್ಟದಪುರದ ಕಡೆಯೆಲ್ಲ ಅವರು ಕೊರೆದ ತೂತುಗಳಿವೆ.

ಈ ಕೆಲಸಕ್ಕೆ ಬಂದ ಮೊದಲ ವರ್ಷ ಅವರು ಮನೆಯ ಒರಳುಕಲ್ಲನ್ನೇ ಹೊತ್ತು ತಂದಿದ್ದರು. ಮುಳುಗಿದ ಊರಿನಿಂದ ಅವ್ವ ಗಾಡಿಯಲ್ಲಿ ಹಾಕಿಕೊಂಡು ಬಂದ ಒರಳು. “ಇದ್ನೂ ಕೊರ್ದು ನೋಡಿ ಅಂತ ಮೇಡಂಗೆ ಅಂದೆ. ಜಾಗ ಬುಟ್ಟು ಎದ್ದು ಬಂದ ಕಲ್ಲು ಪ್ರಯೋಜನಕ್ಕಿಲ್ಲ, ಅದು ಎತ್ತ ಮಕ ಮಾಡಿತ್ತು ಅಂತ ಯಾರಿಗೂ ಗೊತ್ತಿಲ್ಲ ಅಂದ್ಬುಟ್ರು. ನಾನೂ ಅಂಗೇ ಅಲ್ವಾ ಅನ್ನಿಸ್ತು ಕಣ್ರೀ.” ನಗುತ್ತಾರೆ. ಅಂದಿನಿಂದ ಅವರಿಗೆ ಜಾಗ ಬಿಟ್ಟು ಕದಲದ ಈ ಬಂಡೆಯದೇ ಜಪ.

ಅದಕ್ಕೇ ಇವತ್ತು ಆಕಾಶ ನೋಡಿ ಮಾದು ಚಡಪಡಿಸುತ್ತಾರೆ. ಕೊರೆದ ತುಂಡು ಬುಡದಲ್ಲಿ ಬಂಡೆಗೆ ಅಂಟಿಕೊಂಡಿರುವಾಗಲೇ ಅದರ ದಿಕ್ಕು ಗುರುತಿಸಬೇಕು. ಕರಿಕಲ್ಲು ದಿಕ್ಸೂಚಿಯ ಮುಳ್ಳನ್ನು ಎಳೆಯುವುದರಿಂದ ಬಿಸಿಲಿನ ನೆರಳೇ ಗತಿ. ಸೂರ್ಯನೋ ಮೋಡದಲ್ಲಿ. ಹೊಳೆ ಹುಟ್ಟುವ ವಯನಾಡಿನಲ್ಲಿ ಮಳೆ ಹಿಡಿದಿದೆ. ನೀರು ಬಂಡೆಯ ಬುಡ ನೆಕ್ಕುತ್ತಿದೆ.

“ಸಾಕು ಮಾದಣ್ಣ, ಮುಂದಿನ ಬೇಸಿಗೆಗೆ ಬರೋಣ.”

“ಮುಂದ್ಲ ಬೇಸ್ಗೆಗೆ ಬಂಡೆ ಕಾಣ್ತದೆ ಅಂತ ಬರ್ಕೊಡ್ತೀರಾ? ಕೂತ್ಕೊಳ್ಳಿ ಸುಮ್ನೆ.”

ಪಾದ ಮುಳುಗುವಷ್ಟರಲ್ಲಿ ಮೋಡ ಹರಿದು ಬಿಸಿಲು ಬೀಳುತ್ತದೆ. ತುಂಡಿನ ಮೇಲೆ ನಿಲ್ಲಿಸಿದ ಕಡ್ಡಿಯ ನೆರಳು ನೋಡಿ ಹರ್ಷಿತಾ ಅದಕ್ಕೆ ದಿಕ್ಕಿನ ಗೆರೆ ಎಳೆಯುತ್ತಾರೆ. ಮಾದು ಉಳಿ ತೂರಿಸಿ ಮೀಟುತ್ತಾರೆ. ಟಕ್. ತುಂಡು ಅಂಗೈಗೆ ಬರುತ್ತದೆ. ಅದರ ಪಕ್ಕದ್ದೂ.

ಇವು ಪ್ರಯೋಗಾಲಯಕ್ಕೆ ಹೋಗುತ್ತವೆ. ಅಲ್ಲಿ ಹಂತಹಂತವಾಗಿ ಕಾಯಿಸಿ ಅಳೆಯುತ್ತಾರೆ. ಕೊನೆಗೆ ಕಲ್ಲಿನ ಹಳೆಯ ಕಾಂತವೆಲ್ಲ ಅಳಿಸಿಹೋಗುತ್ತದೆ. ಅದು ಮಾದು ಅವರಿಗೆ ಗೊತ್ತು. ಒಂದು ತುಂಡನ್ನು ಟವೆಲ್ಲಿನಲ್ಲಿ ಒರೆಸಿ, ಗೆರೆಗೆ ಕೈ ತಾಗದ ಹಾಗೆ ಹಿಡಿದು ಹರ್ಷಿತಾರ ಮುಂದೆ ಚಾಚುತ್ತಾರೆ.

“ಇದೊಂದ ಮಾತ್ರ ಕಾಯಿಸ್ಬ್ಯಾಡಿ ಮೇಡಂ. ಇದ್ಕಾದ್ರೂ ನಮ್ಮೂರು ಗ್ಯಾಪಕ ಇರ್ಲಿ.”