ಜ್ವರದ ರಜೆಯಲ್ಲಿ ಭಾಜೆ ಗುಹೆ

ಶಿವಾಜಿನಗರದಲ್ಲಿ ಲೋಣಾವಳಾ ಲೋಕಲ್ ಹತ್ತಿದಾಗ ಡಿಸೆಂಬರಿನ ಚಳಿ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆಫೀಸಿನವರ ಪಾಲಿಗೆ ಆ ದಿನ ನಾನು ಜ್ವರದಿಂದ ಮಲಗಿದ್ದೆ.

ಪಕ್ಕದಲ್ಲಿ ಕುಳಿತವರು ನನ್ನ ಸಹೋದ್ಯೋಗಿ ಅಶೋಕನ ತಾಯಿ ಶಾಂತಾಬಾಯಿ. ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಬೌದ್ಧರಾಗಿ ಇಪ್ಪತ್ತು ವರ್ಷ ದಾಟಿತ್ತು. ಗಂಡ ತೀರಿಕೊಂಡ ದಿನ ಪ್ರತಿವರ್ಷ ಮಗನ ಜೊತೆ ಭಾಜೆಯ ಬೌದ್ಧ ಗುಹೆಗೆ ಹೋಗುವುದು ಅವರ ರೂಢಿ. ಈ ಸಲ ಅಶೋಕ ರಜೆ ಅರ್ಜಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದ. ಕೆಲಸ ಬಹಳವಿದೆಯೆಂದು ಸಾಹೇಬರು ತಳ್ಳಿಹಾಕಿದರು. ‘ಜ್ವರ ಅಂತ ಬರೀಬೇಕಿತ್ತಲೋ ಹರಿಶ್ಚಂದ್ರ’ ಎಂದು ಛೇಡಿಸಿ, ನಾನೇ ಜ್ವರದ ಚೀಟಿ ಕಳಿಸಿ ಅವನ ಬದಲು ಹೊರಟೆ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ನಮ್ಮ ಆಫೀಸಿದ್ದ ಪಿಂಪರಿ ದಾಟುವವರೆಗೂ ಮುಖಕ್ಕೆ ಮಫ್ಲರ್ ಸುತ್ತಿಕೊಂಡೇ ಕುಳಿತಿದ್ದೆ.

ಸುಮಾರು ಒಂದೂವರೆ ತಾಸಿಗೆ ಮಳವಲಿ ಬಂತು. ಟಿಕೆಟ್ಟಿಗೆ ಇಬ್ಬರದೂ ಸೇರಿ ಐದಾರು ರೂಪಾಯಿ. ಅಲ್ಲಿಂದ ಗುಹೆಗೆ ಮೂರು ಕಿಲೋಮೀಟರ್ ನಡಿಗೆ. ರೊಟ್ಟಿಯ ಗಂಟು ನನ್ನ ಹೆಗಲಿಗಿತ್ತು.

‘ಕಾಯಿ ಏನರ ತಗೊಳ್ಳೂದೇನ್ರಿ, ಅವ್ವಾರ?’ ಎಂದು ಕೇಳಿದೆ.

‘ಬೇಡಿದ್ದ ಕೊಡೋ ದೇವರು ಅಲ್ಲಿ ಇಲ್ಲೋ ತಮ್ಮಾ. ಬುದ್ಧ ನಮ್ಮಂಗ ಮನಷಾ. ದುಃಖ ಅದ, ಅದಕ್ಕ ಕಾರಣ ನಮ್ಮ ಆಸೆ. ಅದು ತೀರತದ, ತೀರಿಸಾಕ ದಾರಿ ಅದ ಅಂದ. ನಡಿಯೋದು ಮಾತ್ರ ನಾವ.’ ಮೊಣಕಾಲು ಒತ್ತಿಕೊಳ್ಳುತ್ತ ನಕ್ಕರು. ಮೆಟ್ಟಿಲಲ್ಲಿ ನಾಲ್ಕು ಕಡೆ ಕೂತೆದ್ದು ಮೇಲೇರಿದೆವು.

ದೊಡ್ಡ ಗುಹೆಯ ಕಂಬಗಳು ತುಸು ಒಳಕ್ಕೆ ವಾಲಿವೆ. ಕಮಾನಿನ ಮೇಲ್ಛಾವಣಿಗೆ ಎರಡು ಸಾವಿರ ವರ್ಷ ಹಳೆಯ ಮರದ ತೊಲೆಗಳು ಇನ್ನೂ ಕಚ್ಚಿಕೊಂಡಿವೆ. ಮೂರ್ತಿ ಎಲ್ಲಿ ಎಂದು ಹುಡುಕಿದೆ. ನುಣುಪಾದ ಸ್ತೂಪವೊಂದೇ ಇತ್ತು. ಶಾಂತಾಬಾಯಿ ಮೇಣಬತ್ತಿ ಹಚ್ಚಿ ಸೇವಂತಿಗೆ ಇಟ್ಟರು. ‘ಈ ಹೂವು ಬಾಡತದ. ನಾವೂ ಹಂಗ’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಹುರುಪಿನಲ್ಲಿ, ‘ನನಗೂ ಹೇಳಿಕೊಡ್ರಿ’ ಎಂದೆ. ಬುದ್ಧ, ಧಮ್ಮ, ಸಂಘ, ಮೂರಕ್ಕೂ ಶರಣು ಹೇಳಿಸಿದರು. ಆಮೇಲೆ ಪಂಚಶೀಲ, ಪಾಲಿಯಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ. ಜೀವ ತೆಗೆಯುವುದಿಲ್ಲ, ಕದಿಯುವುದಿಲ್ಲ, ಪರಸ್ತ್ರೀಯ ಗೊಡವೆಗೆ ಹೋಗುವುದಿಲ್ಲ. ಇವು ಸಲೀಸಾಗಿ ಬಂದವು. ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬುದು. ಅದನ್ನು ಹೇಳುವ ಬದಲು ಸುಳ್ಳು ಜ್ವರದ ಸಂಗತಿ ಹೇಳಿಬಿಟ್ಟೆ.

ಅವರು ಬಯ್ಯಲಿಲ್ಲ. ‘ನನ್ನ ಸಲುವಾಗಿ ಹೇಳಿದಿ, ಖರೆ. ಆದ್ರೂ ಸುಳ್ಳು ಸುಳ್ಳ. ಇದನ್ನ ಬಿಟ್ಟು ಉಳಿದ ನಾಲ್ಕ ಹೇಳು. ಶಿಕ್ಷಾ ಕೊಡಾಕ ಇಲ್ಲಿ ಯಾರೂ ಕುಂತಿಲ್ಲ. ನಿನ್ನ ಮಾತು ನಿನಗ.’

ಶಿಕ್ಷೆಯಿಲ್ಲ ಎಂದದ್ದೇ ಹೆಚ್ಚು ಚುಚ್ಚಿತು. ಅಮಲಿನ ಗೊಡವೆಗೆ ಹೋಗುವುದಿಲ್ಲ ಎಂಬ ಐದನೆಯದನ್ನು ಸೇರಿಸಿ ನಾಲ್ಕನ್ನೇ ಹೇಳಿ, ಶೇಂಗಾ ಚಟ್ನಿಯ ಜೊತೆ ರೊಟ್ಟಿ ತಿಂದು, ಬಿಸಿಲು ಇಳಿಯುವ ಹೊತ್ತಿಗೆ ಮಳವಲಿಗೆ ಮರಳಿದೆವು. ಪಿಂಪರಿಯಲ್ಲಿ ಈ ಸಲ ಮಫ್ಲರ್ ಸುತ್ತಿಕೊಳ್ಳಲಿಲ್ಲ.

ಮರುದಿನ ಸಾಹೇಬರು ತಾವಾಗಿಯೇ ನನ್ನ ಮೇಜಿಗೆ ಬಂದು, ಜ್ವರ ಇಳಿಯಿತೇ ಎಂದು ಮರಾಠಿಯಲ್ಲಿ ಅಕ್ಕರೆಯಿಂದ ಕೇಳಿದರು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಜ್ವರ ಬಂದೇ ಇರಲಿಲ್ಲ, ಭಾಜೆಗೆ ಹೋಗಿದ್ದೆ ಎಂದೆ. ಎದುರಿನ ಮೇಜಿನಲ್ಲಿ ಅಶೋಕ ಬರೆಯುವುದನ್ನು ನಿಲ್ಲಿಸಿದ.

ನೌಕರಿ ಖಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು. ಅಶೋಕ ಬಹಳ ನೊಂದುಕೊಂಡ. ನನಗೇನೂ ಅನಿಸಲಿಲ್ಲ ಎಂದರೆ ಅದೂ ಸುಳ್ಳಾದೀತು.