ಮನೆ ಮುಟ್ಟಿದ ಕೂಡಲೇ
ಹಳೇ ಕಾರಿನ ಸವೆದ ಮುಂದಿನ ಆಕ್ಸಲ್ ಬದಲಿಸುವುದರಲ್ಲಿ ನಮ್ಮ ಪುಕ್ಕಲು ಮೇಸ್ತ್ರಿಯನ್ನು ಮೀರಿಸುವವರಿಲ್ಲ, ಹೆದರುವುದರಲ್ಲೂ ಅಷ್ಟೆ. ಜಾಕ್ ಸಾಲದೆಂದು ಮರದ ದಿಮ್ಮಿ, ದಿಮ್ಮಿಯೂ ಸಾಲದೆಂದು ಕಳಚಿದ ಚಕ್ರವನ್ನು ತುರುಕಿದ ಮೇಲೆಯೇ ಕಾರಿನಡಿ ನುಸುಳುತ್ತಾನೆ. ಕೊನೆಯ ನಟ್ ಬಿಗಿದು ಕೈ ಒರೆಸಿಕೊಂಡವನು, "ಯಾವುದಕ್ಕೂ ಇನ್ನೊಂದ್ಸಲ ನೋಡ್ಬಿಡ್ತೀನಿ" ಎಂದು ಮತ್ತೆ ಮೂರು ಸಲ ಒಳಗೆ ಹೋಗುತ್ತಾನೆ. ನಾವು ಹೊರಡುವಾಗ ಕಾರಿನ ಕಿಟಕಿ ಹಿಡಿದು ನಿಲ್ಲುತ್ತಾನೆ: "ತಿರುವಲ್ಲಿ ಕಟಕಟ ಅಂದ್ರೆ ಅಲ್ಲೇ ನಿಲ್ಸಿ. ಮನೆ ಮುಟ್ಟಿದ ಕೂಡ್ಲೇ ಫೋನ್ ಮಾಡಿ ಸಾರ್." ಫೋನ್ ಬರುವವರೆಗೆ ಊಟ ಮುಟ್ಟುವುದಿಲ್ಲ. ಒಮ್ಮೆ ನಾನು ಮರೆತು, ಫೋನ್ ಆಫ್ ಮಾಡಿ ಮಲಗಿಬಿಟ್ಟೆ. ಸಂಜೆ ಬಾಗಿಲು ತೆರೆದರೆ ಅವನೇ. ನನ್ನನ್ನು ಕಂಡದ್ದೇ ಮೆಟ್ಟಿಲ ಮೇಲೆ ಕುಸಿದು ಕೂತ. ಮೊಣಕಾಲವರೆಗೂ ಕೆಸರು. "ನಡ್ಕೊಂಡೇ ಬಂದೆ ಸಾರ್," ಎಂದ, "ದಾರೀಲಿರೋ ಒಂದೊಂದು ಹಳ್ಳಾನೂ ಇಳಿದು ನೋಡ್ಕೊಂಡು."