ಅಣ್ಣನ ಮಗಳ ಹೆಸರಿನ ರಾಕ್ಷಸರು

ಕೊಂಡಾಪುರದ ಆಫೀಸಿನಲ್ಲಿ ನನ್ನ ಕೆಲಸ ರಾಕ್ಷಸರಿಗೆ ಹೆಸರಿಡುವುದು. ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಊರಿಗೆ ಊರೇ ಸಾಫ್ಟ್‌ವೇರ್ ಎಂದು ಓಡುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಸಣ್ಣ ಕಂಪನಿ ಅಮೆರಿಕದವರಿಗೆ ಕಂಪ್ಯೂಟರ್ ಆಟ ಮಾಡಿಕೊಡುತ್ತಿತ್ತು. ಚಿತ್ರ ಬರೆಯುವವರು ಕೋರೆ, ಕೊಂಬು, ಮೂರು ಕಣ್ಣು ಬರೆದುಕೊಡುತ್ತಿದ್ದರು. ಆ ಕುಲಕ್ಕೊಂದು ಹೆಸರು, ಅದು ಹುಟ್ಟಿದ್ದು ಹೇಗೆ ಎಂಬ ಒಂದು ಪುಟದ ಕಥೆ ನನ್ನ ಪಾಲು. ಹೆಸರಿಗಾಗಿ ನಾನು ಯಾವ ಪುಸ್ತಕವನ್ನೂ ತಡಕುತ್ತಿರಲಿಲ್ಲ. ನಾರಾಯಣಗೂಡದ ಮನೆಯಿಂದ ಹೊರಟ ಬಸ್ಸಿನಲ್ಲಿ ಕೂತು ಅಕ್ಷರಗಳನ್ನು ಬಾಯಲ್ಲೇ ಉರುಳಿಸುತ್ತಿದ್ದೆ. ಪಕ್ಕದ ಸೀಟಿನವರು ಬೆಚ್ಚಿ ತಿರುಗಿ ನೋಡಿದರೆ ಆ ಹೆಸರು ಪಾಸು. ನೋಟ್‌ಬುಕ್ಕಿಗೆ ಏರುತ್ತಿತ್ತು.

ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇನ್ನೊಂದು ಹೆಸರಿತ್ತು. ಅಣ್ಣನಿಗೆ ಮಗಳು ಹುಟ್ಟಿದ್ದಳು. ಕಲಬುರಗಿ ಕಡೆಯ ನಮ್ಮ ಮನೆಗಳಲ್ಲಿ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ನನ್ನದು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲೇ ಅದನ್ನು ಮೊದಲು ಹೇಳಬೇಕು. ಅಲ್ಲಿಯವರೆಗೆ ಯಾರ ಮುಂದೆಯೂ ಬಾಯಿ ಬಿಡುವಂತಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಮೊದಲೇ ಎಚ್ಚರಿಸಿದ್ದರು: "ನಿನ್ನ ಆಫೀಸಿನ ದೆವ್ವದ ಹೆಸರೇನರ ನನ್ನ ಮಗಳಿಗೆ ಇಟ್ಟಿ ಅಂದ್ರ ನೋಡು, ತೊಟ್ಲಾ ಹತ್ರ ಸುಳ್ಯಾಕ ಬಿಡಂಗಿಲ್ಲ!" ನಗುತ್ತಲೇ ಹೇಳಿದ್ದರು, ಆದರೂ ನನಗದು ನಾಟಿತ್ತು. ಒಂದು ತಿಂಗಳು ತಲೆ ಕೆಡಿಸಿಕೊಂಡು ಮೂರಕ್ಷರದ ಮುದ್ದಾದ ಹೆಸರೊಂದನ್ನು ಕಟ್ಟಿದೆ. ಎಲ್ಲೂ ಕೇಳಿರದ ಹೊಸ ಹೆಸರು. ಬರೆದು ಸುತ್ತ ಚೌಕ ಹಾಕಿಟ್ಟೆ.

ಶಾಸ್ತ್ರಕ್ಕೆ ರಜೆ ಹಾಕುವ ಹೊತ್ತಿಗೆ ರಾಕ್ಷಸರ ಪಟ್ಟಿ ಕಳಿಸುವುದು ಬಾಕಿ ಇತ್ತು. ಪಕ್ಕದ ಮೇಜಿನ ಗೆಳೆಯನ ಕೈಗೆ ನೋಟ್‌ಬುಕ್ ಕೊಟ್ಟು, ಇದರಲ್ಲಿರುವುದನ್ನೆಲ್ಲ ಟೈಪು ಮಾಡಿ ಕಳಿಸಿಬಿಡು ಎಂದು ಓಡಿದೆ. ಅವನು ತೆಲುಗಿನವ; ನಮ್ಮ ಲಿಪಿ ಅವನಿಗೆ ಮುಕ್ಕಾಲು ಪಾಲು ಓದಲು ಬರುತ್ತಿತ್ತು. ಕೊನೆಯ ಪುಟ ಬಿಡು ಎನ್ನಬೇಕಿತ್ತು. ಸಂಭ್ರಮದಲ್ಲಿ ಮರೆತೆ.

ಶಾಸ್ತ್ರ ಜೋರಾಗಿ ನಡೆಯಿತು. ಹೆಂಗಸರೆಲ್ಲ ವಾಡಿಕೆಯಂತೆ ನನ್ನ ಬೆನ್ನಿಗೆ ಗುದ್ದುತ್ತಿರುವಾಗ ನಾನು ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದೆ. ವೈನಿಯ ಕಣ್ಣು ತುಂಬಿತು. ಅವ್ವ ಬಂದವರಿಗೆಲ್ಲ, "ಹೆಸರ ಅಂದ್ರ ಹಿಂಗಿರಬೇಕ ನೋಡ್ರಿ" ಎಂದು ಕರೆಕರೆದು ಹೇಳಿದಳು. ನನಗೋ ಹಿಗ್ಗೇ ಹಿಗ್ಗು.

ಸೋಮವಾರ ಆಫೀಸಿಗೆ ಹೋದರೆ ಗೋಡೆಯ ಮೇಲೆ ಆಳೆತ್ತರದ ಚಿತ್ರ. ಗೂನು ಬೆನ್ನು, ಮೂರು ಕಣ್ಣು, ಗದ್ದ ದಾಟಿದ ಕೋರೆಹಲ್ಲು. ಕೆಳಗೆ ದಪ್ಪಕ್ಷರದಲ್ಲಿ ನಮ್ಮ ಕೂಸಿನ ಹೆಸರು. ಗೆಳೆಯ ಕೊನೆಯ ಪುಟವನ್ನೂ ಟೈಪು ಮಾಡಿ ಕಳಿಸಿದ್ದ.

"ಕ್ಲೈಂಟ್ ಕೋ ಯಹೀ ಸಬ್ಸೇ ಪಸಂದ್ ಆಯಾ!" ಎಂದು ಆಫೀಸಿನ ಸಾಹೇಬರು ಬೀಗಿದರು; ಗಿರಾಕಿಗೆ ಇದೇ ಎಲ್ಲಕ್ಕಿಂತ ಹಿಡಿಸಿತ್ತಂತೆ. ಬದಲಿಸಿ ಎಂದು ಗೋಗರೆದೆ. ಒಪ್ಪಿಗೆಯಾಗಿದೆ, ಆಗುವುದಿಲ್ಲ ಎಂದರು. ಕಿವಿಯಲ್ಲಿ ಹೇಳಿದ ಹೆಸರನ್ನೂ ವಾಪಸು ಪಡೆಯುವಂತಿಲ್ಲ. ಹುಟ್ಟಿನ ಕಥೆಯೊಂದು ಮಾತ್ರ ಇನ್ನೂ ಹೋಗಿರಲಿಲ್ಲ. ಸಂಜೆಯೊಳಗೆ ಕೊಡಬೇಕಿತ್ತು.

ಮೊದಲು ಬರೆದ ಕಥೆಯಲ್ಲಿ ಆ ಕುಲ ಕೊಳೆತ ಕೆರೆಯಲ್ಲಿ ಹುಟ್ಟಿ ದಾರಿಹೋಕರನ್ನು ತಿನ್ನುತ್ತಿತ್ತು. ಹರಿದು ಬಿಸಾಕಿದೆ. ನಮ್ಮ ಹುಡುಗಿಯ ಹೆಸರು ಹೊತ್ತವರು ಮನುಷ್ಯರನ್ನು ತಿನ್ನುವುದೇ? ಹೊಸದಾಗಿ ಬರೆದೆ. ಗೂನು ಬಂದದ್ದು ಹೊಳೆ ಉಕ್ಕಿದಾಗ ಕಂಡವರ ಮಕ್ಕಳನ್ನೆಲ್ಲ ಬೆನ್ನ ಮೇಲೆ ದಾಟಿಸಿ. ಕೋರೆ ಬೇಸಿಗೆಯಲ್ಲಿ ಒರತೆ ತೋಡಲು. ಮೂರನೆಯ ಕಣ್ಣು ದಾರಿ ತಪ್ಪಿದವರನ್ನು ಹುಡುಕಲು. ಕತ್ತಿ ಹಿಡಿದು ಬಂದವನನ್ನೂ ಅವರು ಮೊದಲು ಕೇಳುವುದು ಊಟ ಆಯಿತೇ ಎಂದು; ಇದು ಅವ್ವನಿಂದ ಎತ್ತಿದ್ದು. ಬೇಡ ಎಂದವನಿಗೆ ಮಾತ್ರ ಏಟು. ಸಾಹೇಬರು ಓದಿ, "ಯೇ ರಾಕ್ಷಸ್ ಹೈ ಯಾ ರಿಶ್ತೇದಾರ್?" ಎಂದು, ರಾಕ್ಷಸನೋ ನೆಂಟನೋ ತಿಳಿಯದೆ, ಗೊಣಗುತ್ತಲೇ ಕಳಿಸಿದರು. ಅಮೆರಿಕದವರು ಒಪ್ಪಿದರು.

ಮನೆಯಲ್ಲಿ ನಾನು ತುಟಿಪಿಟಕ್ ಎನ್ನಲಿಲ್ಲ. ಆರೇಳು ತಿಂಗಳಾದ ಮೇಲೆ ಒಂದು ಭಾನುವಾರ ಅಣ್ಣ ನನ್ನ ಚೀಲದಲ್ಲಿದ್ದ ಸಿಡಿ ಎತ್ತಿ ಕಂಪ್ಯೂಟರಿಗೆ ಹಾಕಿಯೇಬಿಟ್ಟ. ವೈನಿ ಕೂಸನ್ನೆತ್ತಿಕೊಂಡು ಪಕ್ಕದಲ್ಲಿ ಕೂತರು. ಗೂನು ಬೆನ್ನಿನವನು ಬಂದ, ಅವನ ತಲೆಯ ಮೇಲೆ ಹೆಸರೂ ಬಂತು. ವೈನಿಯ ತೊಟ್ಟಿಲ ಮಾತು ನೆನಪಾಗಿ ನಾನು ಬಾಗಿಲ ಕಡೆ ಸರಿದೆ. ಅಷ್ಟರಲ್ಲಿ ಅಣ್ಣ ಆಟದ ವೀರನ ಕೈಯಲ್ಲಿ ಕತ್ತಿ ಎತ್ತಿಸಿದ್ದ. ವೈನಿ ಅವನ ಕೈಯಿಂದ ಮೌಸ್ ಕಿತ್ತುಕೊಂಡರು.

"ಏ, ಹೊಡೀಬ್ಯಾಡ್ರಿ! ಊಟ ಆತೇನು ಅಂತ ಕೇಳಾಕತ್ತೈತಿ, ಪಾಪ."

ತೆರೆಯ ಮೇಲೆ ರಾಕ್ಷಸ ರೊಟ್ಟಿ ಚಾಚಿದ. ಕೂಸು ಕೇಕೆ ಹಾಕಿತು. ಆ ವಾರವಷ್ಟೇ ಮೂಡಿದ್ದ ಎರಡು ಹಲ್ಲು ಕಂಡವು. ವೈನಿ ತೆರೆ ನೋಡಿದರು, ಮಗಳನ್ನು ನೋಡಿದರು, ಆಮೇಲೆ ಎದ್ದು ಬಂದು ಕೂಸನ್ನು ನನ್ನ ತೋಳಿಗೆ ಹಾಕಿದರು.

"ಗುಣ ಭಾಳ ಚಲೋ ಅದಾವು," ಎಂದರು. "ಆ ಕೋರಿಹಲ್ಲ ಮಾತ್ರ ನಿಮ್ಮ ಮನಿ ಕಡೀವು ನೋಡವಾ."